ಬೀಜಕ್ಕೆ ಕೈಹಾಕುವ ಮುನ್ನ

ಕಳೆದ ಬೇಸಗೆಯಲ್ಲಿ ನನ್ನ ತಂಗಿ ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕು ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಅಣ್ಣಾ, ಇದನ್ನು ನನಗೆ ತಿಳಿಯುವಂತೆ ಕನ್ನಡದಲ್ಲಿ ಹೇಳು” ಎಂದಳು. ಅವಳ ಮಗಳಿಗೆ ಈಗ ಹದಿನಾಲ್ಕು ವರ್ಷ. ಹುಟ್ಟಿನಿಂದ ಬಂದ ಥಲಸ್ಸೀಮಿಯ ಎಂಬ ರೋಗ. ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಮೂರು ವಾರಕ್ಕೊಮ್ಮೆ ಪರರ ರಕ್ತವನ್ನು ಕೊಡಿಸಬೇಕು. ತಂಗಿಗೂ ಅವಳ ಗಂಡನಿಗೂ ರೋಗವಿಲ್ಲ. ಇಬ್ಬರಲ್ಲಿಯೂ ಅಡಗಿದ್ದ ಒಂದೊಂದು ದೋಷ ಮಗಳಲ್ಲಿ ಕೂಡಿಬಂದಿದೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಳಸಿದ್ದೇನೆ. ತಂಗಿಯ ಎದುರಿಗೆ ಮಾತ್ರ ಅದು ನನ್ನ ಬಾಯಿಗೆ ಬಾರದು.

ಆ ಹಾಳೆಗಳಲ್ಲಿದ್ದದ್ದು ನೂಲನ್ನೇ ತಿದ್ದುವ ಹೊಸ ಚಿಕಿತ್ಸೆಯೊಂದರ ವಿಚಾರ. ನಾನು ಕನ್ನಡದ ಮೇಷ್ಟ್ರು. ವಿಜ್ಞಾನ ನನ್ನ ಹೊಲವಲ್ಲ. ಎರಡು ಸಂಜೆ ನಿಘಂಟನ್ನು ಮುಂದಿಟ್ಟುಕೊಂಡು ಕುಳಿತೆ. ಜೀನ್ ಎಂಬುದಕ್ಕೆ ‘ವಂಶವಾಹಿ’ ಎಂದೆ. “ವಾಹಿ ಎಂದರೆ ಏನನ್ನು ಹೊರುತ್ತದೆ?” ಎಂದು ಅವಳು ಕೇಳಿದಳು. ಉತ್ತರ ತೋಚದೆ ಈ ವಿದ್ಯೆಯ ಚರಿತ್ರೆಯನ್ನೇ ಓದತೊಡಗಿದೆ. ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ತಂಗಿ ಕೇಳಿದ ಮಾತೇ, ತಿಳಿಯುವಂತೆ ಹೇಳಿ ಎಂಬ ಮಾತೇ, ಈ ಚರಿತ್ರೆಯ ಉದ್ದಕ್ಕೂ ಬೇರೆ ಬೇರೆ ಬಾಯಿಗಳಿಂದ ಕೇಳಿಬರುತ್ತದೆ. ಅದನ್ನು ಲಕ್ಷಿಸಿದ ಕಡೆ ಒಂದು ಫಲ, ಲಕ್ಷಿಸದ ಕಡೆ ಇನ್ನೊಂದು.

ಕಥೆ ಮೊದಲಾಗುವುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. 1972ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪಾಲ್ ಬರ್ಗ್ ಎರಡು ಬೇರೆ ಬೇರೆ ವೈರಸ್‌ಗಳ ಡಿ.ಎನ್.ಎ.ಯನ್ನು ಒಂದಕ್ಕೊಂದು ಹೊಲಿದರು. ಅವುಗಳಲ್ಲೊಂದು ಕೋತಿಗಳಲ್ಲಿ ಕಂಡುಬರುವ ವೈರಸ್; ಪ್ರಯೋಗಶಾಲೆಯ ಇಲಿಗಳಂಥ ಪ್ರಾಣಿಗಳಲ್ಲಿ ಗಂತಿಗಳನ್ನು ಎಬ್ಬಿಸಬಲ್ಲದು. ಈ ಹೊಲಿಗೆಯನ್ನು ಮನುಷ್ಯನ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಅಣುಜೀವಿಯೊಳಕ್ಕೆ ಸೇರಿಸಬೇಕೆಂಬುದು ಮುಂದಿನ ಹೆಜ್ಜೆಯಾಗಿತ್ತು. ಅದು ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಯಾರದಾದರೂ ಹೊಟ್ಟೆಯನ್ನು ಸೇರಿದರೆ ಗತಿಯೇನು ಎಂದು ಸಹೋದ್ಯೋಗಿಗಳು ಕೇಳಿದರು. ಬರ್ಗ್ ಕೈ ತಡೆದರು. ಆದರೆ 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಎಂಬಿಬ್ಬರು ಹೊರಗಿನ ಜೀನನ್ನು ಇ. ಕೋಲಿಯೊಳಗಿಟ್ಟು ಬೆಳೆಸುವ ಸುಲಭೋಪಾಯವನ್ನು ತೋರಿಸಿಕೊಟ್ಟರು. ಇನ್ನು ಯಾವ ಪ್ರಯೋಗಶಾಲೆಯಾದರೂ ಈ ಕೆಲಸವನ್ನು ಮಾಡಬಹುದಾಗಿತ್ತು.

1974ರ ಜುಲೈ ತಿಂಗಳಲ್ಲಿ ಬರ್ಗ್, ವಾಟ್ಸನ್ ಮೊದಲಾದ ವಿಜ್ಞಾನಿಗಳು ಒಂದು ಬಹಿರಂಗ ಪತ್ರವನ್ನು ಪ್ರಕಟಿಸಿದರು. ಅಪಾಯಕರವಾಗಬಹುದಾದ ಕೆಲವು ಬಗೆಯ ಪ್ರಯೋಗಗಳನ್ನು ಸದ್ಯಕ್ಕೆ ಎಲ್ಲರೂ ನಿಲ್ಲಿಸೋಣ ಎಂಬುದು ಅದರ ಸಾರ. ಯಾವ ಸರ್ಕಾರವೂ ಅವರನ್ನು ಒತ್ತಾಯಪಡಿಸಿರಲಿಲ್ಲ. ಮರುವರ್ಷ, 1975ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯದ ಕಡಲ ತೀರದ ಅಸಿಲೊಮಾರ್ ಎಂಬಲ್ಲಿ ಸುಮಾರು 140 ಮಂದಿ ಸೇರಿದರು, ಪತ್ರಿಕೆಯವರೂ ಇದ್ದರು. ಒಂದು ವರ್ಷದ ಹಿಂದೆ ಪತ್ರಕ್ಕೆ ಸಹಿ ಹಾಕಿದ್ದ ವಾಟ್ಸನ್ ಅವರೇ ಅಲ್ಲಿ ನಿರ್ಬಂಧಗಳನ್ನು ವಿರೋಧಿಸಿದರು! ಪ್ರಯೋಗಶಾಲೆಯ ಹೊರಗೆ ಬದುಕಲಾರದಂಥ ಬಲಹೀನ ಅಣುಜೀವಿಗಳನ್ನೇ ಬಳಸೋಣವೆಂದು ಸಿಡ್ನಿ ಬ್ರೆನರ್ ಸೂಚಿಸಿದರು. ಕಡೆಗೆ, ಅಪಾಯ ಹೆಚ್ಚಿದಷ್ಟೂ ಕಾವಲು ಹೆಚ್ಚಬೇಕೆಂಬ ತತ್ತ್ವ ಒಪ್ಪಿಗೆಯಾಯಿತು. ತಡೆ ತೆರವಾಯಿತು, ಅದರ ಜಾಗಕ್ಕೆ ಕಟ್ಟುಪಾಡು ಬಂದಿತು.

ವಿದ್ವಾಂಸರು ತಮ್ಮ ಕೌತುಕಕ್ಕೆ ತಾವೇ ಕಡಿವಾಣ ಹಾಕಿಕೊಂಡ ಈ ಪ್ರಸಂಗವನ್ನು ಮೆಚ್ಚದಿರುವುದು ಕಷ್ಟ. ಆದರೆ ಅಲ್ಲಿ ಚರ್ಚೆಯಾದದ್ದು ಅಪಾಯ ಒಂದೇ. ಮನುಷ್ಯರನ್ನು ತಿದ್ದುವುದು ಸರಿಯೇ, ಈ ವಿದ್ಯೆಯಿಂದ ಆಯುಧಗಳನ್ನು ಮಾಡಿದರೆ ಏನು ಎಂಬ ಪ್ರಶ್ನೆಗಳನ್ನು ಅವರು ಬೇಕೆಂದೇ ಹೊರಗಿಟ್ಟರು. ಸೇರಿದ್ದವರಲ್ಲಿ ಬಹುಮಟ್ಟಿಗೆ ಎಲ್ಲರೂ ಆ ವಿದ್ಯೆಯನ್ನು ಬಲ್ಲವರೇ. ಅಪಾಯ ಒದಗಿದರೆ ಅನುಭವಿಸಬೇಕಾದ ಸಾಮಾನ್ಯರಿಗೆ ಅಲ್ಲಿ ಪೀಠವಿರಲಿಲ್ಲ.

ಆ ಪೀಠ ದೊರೆತದ್ದು ಮರುವರ್ಷ, ದೇಶದ ಇನ್ನೊಂದು ಅಂಚಿನಲ್ಲಿ. ಮಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಇಂಥ ಪ್ರಯೋಗಗಳಿಗಾಗಿ ಒಂದು ಶಾಲೆಯನ್ನು ಕಟ್ಟಲು ಹೊರಟಿತು. ಮೇಯರ್ ಆಲ್ಫ್ರೆಡ್ ವೆಲ್ಲುಚಿ 1976ರ ಜೂನ್‌ನಲ್ಲಿ ನಗರಸಭೆಯ ಮುಂದೆ ಬಹಿರಂಗ ವಿಚಾರಣೆಯನ್ನು ಏರ್ಪಡಿಸಿದರು. ಪ್ರಾರಂಭದಲ್ಲಿಯೇ ಅವರು ವಿಜ್ಞಾನಿಗಳಿಗೆ ಹೇಳಿದ್ದು ಇದು: ಇಲ್ಲಿರುವ ನಮ್ಮಲ್ಲಿ ಹೆಚ್ಚಿನವರು ಸಾಮಾನ್ಯರು, ನಿಮ್ಮ ಅಕ್ಷರಮಾಲೆಯ ಸಂಕೇತಗಳು ನಮಗೆ ತಿಳಿಯವು, ಬಿಡಿಸಿ ಹೇಳಿ. ಮೇಯರರು ಪ್ರಯೋಗಶಾಲೆಯಿಂದ ರಾಕ್ಷಸರು ಹೊರಬಂದಾರೆಂದೂ ಮಾತನಾಡಿದರು, ನಕ್ಕವರು ಬಹಳ. ನಗುವುದು ಸುಲಭ. ಆದರೆ ನಗರಸಭೆ ಆಮೇಲೆ ಮಾಡಿದ ಕೆಲಸ ನಗುವಂಥದಲ್ಲ. ಮೂರು ತಿಂಗಳ ತಡೆಯನ್ನು ವಿಧಿಸಿ, ಊರಿನ ನಾಗರಿಕರದೇ ಒಂದು ಸಮಿತಿಯನ್ನು ನೇಮಿಸಿತು. ದಾದಿಯಾಗಿದ್ದ ಒಬ್ಬ ಕ್ರೈಸ್ತ ಸಂನ್ಯಾಸಿನಿ ಅದರಲ್ಲಿದ್ದರು. ಅಧ್ಯಕ್ಷರು ಮನೆಗಳಿಗೆ ಉರುವಲೆಣ್ಣೆಯನ್ನು ಒದಗಿಸುವ ವ್ಯಾಪಾರಿ. ಇವರು ತಿಂಗಳುಗಟ್ಟಲೆ ಎರಡೂ ಪಕ್ಷದ ವಿಜ್ಞಾನಿಗಳನ್ನು ಕರೆಸಿ, ತಿಳಿಯುವವರೆಗೂ ಕೇಳಿದರು. ತಡೆಯನ್ನು ಇನ್ನಷ್ಟು ಕಾಲ ಮುಂದುವರಿಸಬೇಕಾಯಿತು. ಕೊನೆಗೆ 1977ರ ಜನವರಿಯಲ್ಲಿ ಅವರು ಕೊಟ್ಟ ತೀರ್ಪು: ಪ್ರಯೋಗ ನಡೆಯಲಿ, ಆದರೆ ಸರ್ಕಾರದ ನಿಯಮಗಳ ಮೇಲೆ ಇನ್ನೂ ಕೆಲವು ಎಚ್ಚರಿಕೆಗಳಿರಲಿ. ಮರುತಿಂಗಳೇ ಅದು ನಗರದ ಕಾನೂನಾಯಿತು.

ಜನರನ್ನು ಕೇಳಿದರೆ ವಿದ್ಯೆ ಕೆಡುತ್ತದೆ ಎಂದು ಅಂಜಿದವರಿದ್ದರು. ಹಾಗೇನೂ ಆಗಲಿಲ್ಲ. ಕಟ್ಟುಪಾಡು ಮೊದಲೇ ಸ್ಪಷ್ಟವಾಗಿದ್ದ ಆ ಊರು ಮುಂದೆ ಜೈವಿಕ ತಂತ್ರಜ್ಞಾನದ ಉದ್ಯಮಕ್ಕೆ ಜಗತ್ತಿನಲ್ಲಿಯೇ ದೊಡ್ಡ ನೆಲೆಗಳಲ್ಲೊಂದಾಯಿತು. ಆ ವಿದ್ಯೆಯ ಫಲ ನಮ್ಮ ಮನೆಗಳಿಗೂ ಬಂದಿದೆ. ಹಿಂದೆ ಇನ್ಸುಲಿನ್ನನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. 1978ರಲ್ಲಿ ಮನುಷ್ಯರ ಇನ್ಸುಲಿನ್ನನ್ನು ಅಣುಜೀವಿಗಳಿಂದಲೇ ಮಾಡಿಸಲು ಸಾಧ್ಯವಾಯಿತು. 1982ರಲ್ಲಿ ಅಮೆರಿಕ ಅದನ್ನು ಔಷಧವೆಂದು ಒಪ್ಪಿತು. ಮಡಿವಂತರಾಗಿದ್ದ ನಮ್ಮ ತಂದೆಯವರು ಕೊನೆಯ ವರ್ಷಗಳಲ್ಲಿ ದಿನಕ್ಕೆರಡು ಸಲ ಚುಚ್ಚಿಸಿಕೊಳ್ಳುತ್ತಿದ್ದದ್ದು ಇದನ್ನೇ. ಅದು ಎಲ್ಲಿಂದ ಬಂತೆಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕೇಂಬ್ರಿಜ್‌ನಲ್ಲಿ ಆದಂಥದು ನಮ್ಮಲ್ಲಿಯೂ ಒಮ್ಮೆ ಆಯಿತು, ಬದನೆಕಾಯಿಯ ನಿಮಿತ್ತ. ಕಾಂಡ ಮತ್ತು ಕಾಯಿ ಕೊರೆಯುವ ಹುಳುವನ್ನು ಕೊಲ್ಲುವಂತೆ, ಮಣ್ಣಿನ ಅಣುಜೀವಿಯೊಂದರ ಜೀನನ್ನು ಸೇರಿಸಿದ ಬಿ.ಟಿ. ಬದನೆಗೆ 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ಈ ಗುಣವನ್ನು ಸೇರಿಸಲು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಆರಿಸಿಕೊಂಡಿದ್ದ ನಾಡತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದು. ವಾದಿರಾಜರ ಪ್ರಸಾದವೆಂದು ಮಟ್ಟು ಗ್ರಾಮದವರು ನಂಬಿ ಬೆಳೆಸಿಕೊಂಡು ಬಂದ ಗುಳ್ಳ ಕೆಲವರಿಗೆ ತರಕಾರಿ ಮಾತ್ರವಾಗಿರಬಹುದು. ಆ ಊರಿಗೆ ಅದು ಹೆಸರು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಅಭಿಪ್ರಾಯವನ್ನು ಕೇಳಿ, 2010ರ ಫೆಬ್ರವರಿ 9ರಂದು ಬಿ.ಟಿ. ಬದನೆಗೆ ತಡೆ ಹಾಕಿದರು.

ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ಒಂದು ಮಾತನ್ನು ಹೇಳದಿರಲಾರೆ. ಸ್ವತಂತ್ರ ಪರೀಕ್ಷೆಗಳಾಗಿ ಜನಕ್ಕೂ ತಜ್ಞರಿಗೂ ತೃಪ್ತಿಯಾಗುವವರೆಗೆ ಎಂದು ವಿಧಿಸಿದ ತಡೆ ಹದಿನೈದು ವರ್ಷವಾದರೂ ತೆರವಾಗಲಿಲ್ಲ. ಅತ್ತ ಬಾಂಗ್ಲಾದೇಶ 2013ರಲ್ಲಿಯೇ ಬಿ.ಟಿ. ಬದನೆಯನ್ನು ಒಪ್ಪಿ, ಮರುವರ್ಷ ಬೆಳೆಯತೊಡಗಿತು. ಕೇಂಬ್ರಿಜ್‌ನವರು ಕೈ ತಡೆದದ್ದು ವಿಚಾರ ಮಾಡುವುದಕ್ಕೆ. ವಿಚಾರ ಮುಗಿದ ಮೇಲೆ ಹೌದೆಂದೋ ಅಲ್ಲವೆಂದೋ ಹೇಳಿದರು. ನಾವು ಕೈ ತಡೆದು, ವಿಚಾರವನ್ನು ಮರೆತೆವು. ಕೈ ತಡೆಯುವುದು ಬೇರೆ, ಕೈ ಕಟ್ಟಿ ಕುಳಿತುಕೊಳ್ಳುವುದು ಬೇರೆ.

ಕೇಳದೆಯೇ ನಡೆದ ಕಥೆಯೂ ಉಂಟು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪೆಂಟಿಯೆ ಎಂಬ ಮಹಿಳೆಯರು ಡಿ.ಎನ್.ಎ.ಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ಎಂಬ ಉಪಾಯವನ್ನು ಪ್ರಕಟಿಸಿದರು. 2020ರಲ್ಲಿ ಅವರಿಗೆ ನೊಬೆಲ್ ಬಂದಿತು. ಈ ಕತ್ತರಿಯನ್ನು ಬೆಳೆದ ರೋಗಿಯ ರಕ್ತದ ಮೂಲಕಣಗಳ ಮೇಲೆ ಪ್ರಯೋಗಿಸಿದರೆ ಅದರ ಫಲ ಆ ರೋಗಿಯೊಂದಿಗೇ ಮುಗಿಯುತ್ತದೆ. ಭ್ರೂಣದ ಮೇಲೆ ಪ್ರಯೋಗಿಸಿದರೆ ಮಕ್ಕಳು, ಮೊಮ್ಮಕ್ಕಳಿಗೂ ಇಳಿದು ಹೋಗಬಹುದು. 2018ರ ನವೆಂಬರಿನಲ್ಲಿ ಚೀನದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ, ತಾನು ಭ್ರೂಣಗಳನ್ನು ತಿದ್ದಿದ್ದೇನೆ, ಅವಳಿ ಹೆಣ್ಣುಮಕ್ಕಳು ಹುಟ್ಟಿವೆ ಎಂದು ಸಾರಿದ. ತಂದೆಗಿದ್ದ ಎಚ್.ಐ.ವಿ. ಸೋಂಕು ಮಕ್ಕಳಿಗೆಂದೂ ತಗಲದಿರಲಿ ಎಂಬುದು ಅವನು ಕೊಟ್ಟ ಕಾರಣ. ಆದರೆ ತಂದೆಯ ಸೋಂಕನ್ನು ಮಗುವಿಗೆ ದಾಟಿಸದೆ ಗರ್ಭ ತರಿಸುವ ವಿಧಾನಗಳು ಆಗಲೇ ಇದ್ದವು. ಅವನು ಮಾಡಿದ ತಿದ್ದುಪಡಿಯಾದರೂ ಅಂದುಕೊಂಡಂತೆ ಆಗಿರಲಿಲ್ಲ. 2019ರ ಕೊನೆಯಲ್ಲಿ ಶೆನ್‌ಜೆನ್‌ನ ನ್ಯಾಯಾಲಯ ಅವನಿಗೆ ಮೂರು ವರ್ಷದ ಸೆರೆವಾಸವನ್ನೂ ಮೂವತ್ತು ಲಕ್ಷ ಯುವಾನ್ ದಂಡವನ್ನೂ ವಿಧಿಸಿತು.

ಭಾಷೆಯ ಮೇಷ್ಟ್ರಾದ ನನ್ನನ್ನು ಬಹಳ ಕಾಡಿದ್ದು ಬೇರೊಂದು ವಿವರ. ತಂದೆತಾಯಿಗಳು ಸಹಿ ಹಾಕಿದ ಒಪ್ಪಿಗೆಪತ್ರದಲ್ಲಿ ಆ ಕೆಲಸವನ್ನು ಏಡ್ಸ್ ಲಸಿಕೆ ತಯಾರಿಸುವ ಯೋಜನೆಯೆಂದು ಕರೆದಿತ್ತು. ಲಸಿಕೆ ಎಂಬ ಮಾತಿಗೆ ಯಾವ ತಾಯಿ ತಾನೆ ಹೆದರುತ್ತಾಳೆ? ಒಂದು ಪದವನ್ನು ಬದಲಿಸಿದ್ದರಿಂದ ಒಪ್ಪಿಗೆಯೇ ಪೊಳ್ಳಾಯಿತು. ಇನ್ನು ಆ ಕೂಸುಗಳನ್ನು ಕೇಳುವ ಮಾತಂತೂ ಇರಲೇ ಇಲ್ಲ.

ನನ್ನ ತಂಗಿ ತಂದ ಹಾಳೆಗಳಿಗೆ ಮರಳುತ್ತೇನೆ. ಅವುಗಳಲ್ಲಿದ್ದ ಚಿಕಿತ್ಸೆ ಕ್ಯಾಸ್‌ಗೆವಿ ಎಂಬುದು. 2023ರ ನವೆಂಬರಿನಲ್ಲಿ ಬ್ರಿಟನ್ ಅದನ್ನು ಥಲಸ್ಸೀಮಿಯ ಮತ್ತು ಕುಡುಗೋಲು ಕಣದ ರೋಗಗಳಿಗೆ ಒಪ್ಪಿತು; ಥಲಸ್ಸೀಮಿಯಕ್ಕೆ ಅಮೆರಿಕದ ಒಪ್ಪಿಗೆ 2024ರ ಜನವರಿಯಲ್ಲಿ ಬಂದಿತು. ರೋಗಿಯ ಮೂಲಕಣಗಳನ್ನು ಹೊರತೆಗೆದು, ಕ್ರಿಸ್ಪರ್‌ನಿಂದ ತಿದ್ದಿ, ಹಿಂದಕ್ಕೆ ಕೊಡುತ್ತಾರೆ. ಮುಖ್ಯವಾಗಿ ಗರ್ಭದಲ್ಲಿರುವಾಗ ಉಂಟಾಗುವ ರಕ್ತವರ್ಣದ್ರವ್ಯ ಮತ್ತೆ ಹೆಚ್ಚಾಗಿ ಉಂಟಾಗತೊಡಗಿ ಕೊರತೆಯನ್ನು ತುಂಬುತ್ತದೆ. ಅದಕ್ಕೆ ಮೊದಲು ಹಳೆಯ ಮಜ್ಜೆಯನ್ನು ತೀಕ್ಷ್ಣವಾದ ಔಷಧದಿಂದ ಬರಿದು ಮಾಡಬೇಕು. ಅದರಿಂದ ಮುಂದೆ ಮಕ್ಕಳಾಗುವುದಕ್ಕೇ ತೊಡಕಾಗಬಹುದು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೆಂಟು ಕೋಟಿ ರೂಪಾಯಿಗೂ ಮೇಲೆ. ಬೆಲೆಯನ್ನು ಹೇಳುವಾಗ ಮಾತ್ರ ನನಗೆ ನಿಘಂಟು ಬೇಕಾಗಲಿಲ್ಲ.

ತಂಗಿ ಬಹಳ ಹೊತ್ತು ಸುಮ್ಮನಿದ್ದು, “ಇವತ್ತಿಲ್ಲದಿದ್ದರೆ ಇನ್ನೊಂದು ದಿನ ನಮ್ಮ ಕೈಗೂ ಎಟುಕೀತು, ತಿಳಿದಿರಲಿ” ಎಂದಳು. ಮನುಷ್ಯರು ಸೃಷ್ಟಿಗೆ ಕೈಹಾಕಬಾರದು ಎಂದು ಸಭೆಗಳಲ್ಲಿ ಭಾಷಣ ಮಾಡುವುದನ್ನು ಕೇಳಿದ್ದೇನೆ, ಒಂದೆರಡು ಸಲ ನಾನೂ ತಲೆದೂಗಿದ್ದೇನೆ. ಮೂರು ವಾರಕ್ಕೊಮ್ಮೆ ರಕ್ತಕ್ಕಾಗಿ ಹೊರಡುವ ಮನೆಯಲ್ಲಿ ಕುಳಿತು ಆ ಮಾತನ್ನು ಆಡುವುದು ನನ್ನಿಂದಾಗದು. ಕೈಹಾಕುವವರು ಕೇಳಿ ಕೈಹಾಕಲಿ, ತಿಳಿಯುವಂತೆ ಹೇಳಿ ಕೇಳಲಿ ಎಂಬುದಷ್ಟನ್ನೇ ನಾನು ಈಗ ಹೇಳಬಲ್ಲೆ.

ಇಷ್ಟು ಹೊತ್ತೂ ಹುಡುಗಿ ಬಾಗಿಲ ಬಳಿ ಪುಸ್ತಕ ಹಿಡಿದು ಕುಳಿತಿದ್ದಳು. ಅವಳ ಮುಂದೆಯೇ ಅವಳ ವಿಷಯವನ್ನು ಎರಡು ಸಂಜೆ ಮಾತನಾಡಿದ್ದ ನಾವು, ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆಗ ಕೇಳಿದೆ. ಅವಳು ಪುಸ್ತಕವನ್ನು ಮಡಿಚಿ, “ಮಾಮ, ಆ ಔಷಧದಿಂದ ಮಕ್ಕಳಾಗುವುದು ಕಷ್ಟ ಅಂದಿರಲ್ಲ, ಅದನ್ನು ಇನ್ನೊಂದು ಸಲ ಬಿಡಿಸಿ ಹೇಳಿ” ಎಂದಳು.