ಗೂಡಿನಿಂದ ಪ್ರವೇಶಧನದವರೆಗೆ: ನೀಲಗಿರಿಯ ಕಾಡು ಮತ್ತು ಅದರ ಋಣ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಬರುವ ಹೆದ್ದಾರಿಯು ಕಕ್ಕನಹಳ್ಳದ ಬಳಿ ತಮಿಳುನಾಡನ್ನು ಪ್ರವೇಶಿಸುತ್ತದೆ. ಅಲ್ಲಿಂದ ಮುಂದಿನದು ಮುದುಮಲೆ ಅರಣ್ಯ. ದೊಡ್ಡಬೆಟ್ಟ, ಮಸಿನಗುಡಿ ಮೊದಲಾದ ಹೆಸರುಗಳಲ್ಲಿ ಕನ್ನಡದ ನುಡಿ ಇಂದಿಗೂ ಉಳಿದಿರುವ ಸೀಮೆ ಇದು. ಇಲ್ಲಿನ ತೆಪ್ಪಕಾಡಿನಲ್ಲಿ ಪ್ರವಾಸಿಗರು ಹಣ ತೆತ್ತು ಚೀಟಿ ಪಡೆದು ಕಾಡನ್ನು ನೋಡಲು ಹೋಗುತ್ತಾರೆ. ಸರ್ಕಾರದ ಕಾಡು ಸಾರ್ವಜನಿಕರ ಸ್ವತ್ತಲ್ಲವೆ, ಅದನ್ನು ನೋಡುವುದಕ್ಕೂ ಹಣ ಕೊಡಬೇಕೆ ಎಂದು ಕೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಪ್ರಶ್ನೆ ಸಹಜವಾದುದೇ. ಆದರೆ ಉತ್ತರಕ್ಕಾಗಿ ನಾವು ಈ ಬೆಟ್ಟಗಳ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಆಂಗ್ಲರು ಬರುವುದಕ್ಕೆ ಮುಂಚೆ ಈ ಬೆಟ್ಟಗಳಲ್ಲಿ ತೋಡರು ಎಮ್ಮೆ ಕಾಯುತ್ತಿದ್ದರು, ಕೋತರು ಮಡಕೆಯನ್ನೂ ಕಬ್ಬಿಣದ ಉಪಕರಣಗಳನ್ನೂ ಮಾಡುತ್ತಿದ್ದರು, ಕುರುಂಬರು ಜೇನು ಮೊದಲಾದ ಕಾಡಿನ ಉತ್ಪನ್ನಗಳನ್ನು ತರುತ್ತಿದ್ದರು. ಬಡಗಣ ದಿಕ್ಕಿನವರು ಎಂಬ ಅರ್ಥವನ್ನು ತಮ್ಮ ಹೆಸರಿನಲ್ಲೇ ಹೊತ್ತ ಬಡಗರು ಬೇಸಾಯ ಮಾಡುತ್ತಿದ್ದರು. ಬಡಗರು ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ತೋಡರಿಗೆ ಸಲ್ಲಿಸುತ್ತಿದ್ದರು. ಇದಕ್ಕೆ ‘ಗೂಡು’ ಎಂದು ಹೆಸರು. ಈ ನೆಲದಲ್ಲಿ ತಮಗಿಂತ ಮೊದಲು ಇದ್ದವರು ನೀವು ಎಂಬ ಮನ್ನಣೆ ಆ ಧಾನ್ಯದಲ್ಲಿತ್ತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವನ್ನೇರಿದ ಮೇಲೆ ಲೆಕ್ಕ ಬದಲಾಯಿತು. ಈ ನೆಲದ ಮೇಲೆ ತೋಡರಿಗೆ ಹಕ್ಕುಂಟೆಂದು ಆತನೇ ವಾದಿಸಿದ್ದನು. ಆ ವಾದವನ್ನು ಮದರಾಸು ಸರ್ಕಾರದವರೆಲ್ಲರೂ ಒಪ್ಪಲಿಲ್ಲ. 1840ರ ದಶಕದಲ್ಲಿ ಉದಕಮಂಡಲದ ಯೂರೋಪಿಯನ್ನರು ತಿಂಗಳಿಗೆ 3 ರೂಪಾಯಿಯಂತೆ ವಂತಿಗೆ ಹಾಕಿ ತರಕಾರಿ ತೋಟವೊಂದನ್ನು ನಡೆಸಿದರು. ಅದು ಬಹುಕಾಲ ನಡೆಯಲಿಲ್ಲ. ಬಳಿಕ ಸಾರ್ವಜನಿಕ ಉದ್ಯಾನದ ಯೋಜನೆ ಹುಟ್ಟಿತು. 1848ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ಬಂದ ವಿಲಿಯಂ ಗ್ರಹಾಂ ಮ್ಯಾಕ್ಐವರ್, ದೊಡ್ಡಬೆಟ್ಟದ ಇಳಿಜಾರಿನಲ್ಲಿ ಇಂದಿನ ಸಸ್ಯೋದ್ಯಾನವನ್ನು ರೂಪಿಸಿದನು. ಇಂದು ಲಕ್ಷಾಂತರ ಜನ ಚೀಟಿ ಪಡೆದು ನೋಡುವ ಈ ಉದ್ಯಾನದ ಮೂಲದಲ್ಲಿಯೂ ಒಂದು ವಂತಿಗೆ ಇತ್ತೆಂಬುದು ಗಮನಾರ್ಹ.

ಇದೇ ಶತಮಾನದಲ್ಲಿ ಮುದುಮಲೆಯ ಕಾಡನ್ನು ಸರ್ಕಾರವು ನಿಲಂಬೂರಿನ ತಿರುಮುಲ್ಪಾಡರಿಂದ ಮರಕ್ಕಾಗಿ ಗುತ್ತಿಗೆಗೆ ಪಡೆಯಿತು. 1882ರ ಮದರಾಸು ಅರಣ್ಯ ಕಾಯಿದೆಯು ಮೀಸಲು ಕಾಡುಗಳಿಗೆ ಶಾಸನದ ಬೇಲಿ ಹಾಕಿತು. ಮರ ಕಡಿಯಲು, ದನ ಮೇಯಿಸಲು ಅಪ್ಪಣೆ ಬೇಕಾಯಿತು. ಆ ಕಾಲದಲ್ಲಿ ಕಾಡಿನಿಂದ ಏನನ್ನಾದರೂ ಒಯ್ಯುವವನು ಹಣ ಕೊಡುತ್ತಿದ್ದನು. ಸುಮ್ಮನೆ ನೋಡಿ ಹೋಗುವವನೂ ಹಣ ಕೊಡುವ ಪದ್ಧತಿ ಅಭಯಾರಣ್ಯಗಳ ಕಾಲದ್ದು.

1940ರಲ್ಲಿ ಸುಮಾರು 60 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮುದುಮಲೆ ಅಭಯಾರಣ್ಯ ಸ್ಥಾಪಿತವಾಯಿತು. ಮುಂದೆ ಅದು 321 ಚದರ ಕಿಲೋಮೀಟರಿಗೆ ಬೆಳೆದು, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 28ನೆಯ ಕಲಮು ಅಧ್ಯಯನ, ಛಾಯಾಚಿತ್ರಣ, ಪ್ರವಾಸ ಮುಂತಾದ ಉದ್ದೇಶಗಳಿಗೆ ಶುಲ್ಕ ಪಡೆದು ಪರವಾನಗಿ ನೀಡಲು ಅವಕಾಶ ಕೊಟ್ಟಿತು. ಅದರ ಹಿಂದಿನ 27ನೆಯ ಕಲಮನ್ನು ನಮ್ಮವರು ವಿಶೇಷವಾಗಿ ತಿಳಿದಿರಬೇಕು. ಅಭಯಾರಣ್ಯದ ಎಲ್ಲೆಯೊಳಗೆ ಸ್ಥಿರಾಸ್ತಿಯ ಹಕ್ಕುಳ್ಳವರಿಗೂ, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೂ ಈ ಪರವಾನಗಿ ಬೇಕಿಲ್ಲ. ಎಂದರೆ, ಕಾಡಿನೊಳಗೆ ಮನೆಯುಳ್ಳವನು ಪ್ರವಾಸಿಯಲ್ಲ. ಪತ್ರವಿಲ್ಲದೆ ತಲೆತಲಾಂತರದಿಂದ ಬಾಳಿದ ಬುಡಕಟ್ಟಿನವರ ಹಕ್ಕನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆ ಬಹಳ ತಡವಾಗಿ ಮಾನ್ಯಮಾಡಿತು.

ಹಾಗಾದರೆ ಸಂದಾಯವಾದ ಹಣ ಎಲ್ಲಿಗೆ ಹೋಗಬೇಕು? 2006ರ ತಿದ್ದುಪಡಿಯು ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿಗೆ ದಾರಿ ಮಾಡಿತು. 2012ರ ಅಕ್ಟೋಬರಿನಲ್ಲಿ ಹೊರಟ ರಾಷ್ಟ್ರೀಯ ಮಾರ್ಗಸೂಚಿಗಳು, ದ್ವಾರದಲ್ಲಿ ಸಂಗ್ರಹವಾದ ಹಣವು ರಾಜ್ಯದ ಬೊಕ್ಕಸಕ್ಕೆ ಆದಾಯವಾಗಿ ಹೋಗದೆ ಆ ಕಾಡಿನ ಸಂರಕ್ಷಣೆಗೇ ಬಳಕೆಯಾಗಬೇಕೆಂದು ಹೇಳಿದವು.

ಇಷ್ಟನ್ನು ನೋಡಿದ ಮೇಲೆ ಪ್ರವೇಶಧನವು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಬೆಂಕಿರೇಖೆ ಕಡಿಯುವುದಕ್ಕೆ, ಕಾವಲುಗಾರರ ಸಂಬಳಕ್ಕೆ, ಪ್ರವಾಸಿಗರು ಬಿಸಾಡಿದ ಪ್ಲಾಸ್ಟಿಕ್ ಆರಿಸುವುದಕ್ಕೆ ಹಣ ಬೇಕು. ಅದರ ಸ್ವಲ್ಪ ಭಾರವನ್ನು ನೋಡಲು ಬಂದವರು ಹೊರುವುದು ಸರಿಯಾದುದು. ಆದರೆ ಆ ಹಣ ಗೂಡಿನ ಗುಣವನ್ನು ಪಡೆಯಬೇಕು. ತೆಪ್ಪಕಾಡಿನ ಆನೆಗಳನ್ನು ಪಳಗಿಸಿ ಸಾಕುವ ಕಾಟ್ಟುನಾಯಕರು, ಕುರುಂಬರು ಮೊದಲಾದವರ ಮಕ್ಕಳ ಶಾಲೆಗೆ, ಅವರ ಹಾಡಿಗಳ ನೀರಿಗೆ ಅದರಲ್ಲೊಂದು ಪಾಲು ಸಲ್ಲಬೇಕು. ಲೆಕ್ಕವನ್ನು ಚೀಟಿ ಕೊಡುವ ಸ್ಥಳದಲ್ಲಿಯೇ ಜನರಿಗೆ ತಿಳಿಯುವ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಬರೆದು ಹಾಕಬೇಕು. ಬಡವರ ಮಕ್ಕಳು ಕಾಡನ್ನು ಪುಸ್ತಕದಲ್ಲಷ್ಟೇ ನೋಡುವಂತಾಗದಿರಲು ಶಾಲಾ ತಂಡಗಳಿಗೆ ಶುಲ್ಕವಿರಬಾರದು.

ಗಡಿಯಾಚೆ ನೆಲೆಸಿದ ನಮಗೆ, ಒಂದು ನೆಲದಲ್ಲಿ ಮೊದಲಿದ್ದವರನ್ನು ಕಾಗದಪತ್ರಗಳು ಎಷ್ಟು ಬೇಗ ಹೊರಗಿನವರನ್ನಾಗಿ ಮಾಡಬಲ್ಲವೆಂಬುದು ಗೊತ್ತು. ಆದಕಾರಣ ಸಂಘದ ಕುಟುಂಬಗಳು ಮುಂದಿನ ರಜೆಯಲ್ಲಿ ಮುದುಮಲೆಗೆ ಹೋದಾಗ ಸಂತೋಷದಿಂದ ಚೀಟಿ ಪಡೆಯಲಿ. ಹಾಗೆಯೇ, ಈ ಹಣದಲ್ಲಿ ಕಾಡಿನವರಿಗೆ ಸಲ್ಲುವ ಪಾಲೆಷ್ಟು ಎಂದು ವಿನಯದಿಂದ ಕೇಳಿ ತಿಳಿದುಕೊಳ್ಳಲಿ.