ಡಿಎನ್‌ಎ ಅಕ್ಷರಗಳಲ್ಲಿ ಸಿಕ್ಕ ಜಾಡು
ಹೈಟಿಯ ಕಾಲರಾ, 2010

2010ರ ಜನವರಿಯ ಭೂಕಂಪದಿಂದ ಹೈಟಿ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಕ್ಟೋಬರ್‌ನಲ್ಲಿ ಆರ್ಟಿಬೊನೈಟ್ ನದಿಯ ನೀರನ್ನು ನಂಬಿದ್ದ ಊರುಗಳಲ್ಲಿ ಜನ ವಾಂತಿಭೇದಿಯಿಂದ ಸಾಯತೊಡಗಿದರು. ಸುಮಾರು ನೂರು ವರ್ಷಗಳಿಂದ ಅಲ್ಲಿ ಕಾಲರಾ ದಾಖಲಾಗಿರಲಿಲ್ಲ. ರೋಗಾಣು ಬಂದದ್ದು ಎಲ್ಲಿಂದ?

ಜೀನೋಮ್ ಎಂಬ ವಂಶಾವಳಿ
ಕಾಲರಾ ಬ್ಯಾಕ್ಟೀರಿಯಾದ ಜೀನೋಮ್ ಎಂದರೆ ಎರಡು ವರ್ಣತಂತುಗಳಲ್ಲಿರುವ ಸುಮಾರು 40 ಲಕ್ಷ ಡಿಎನ್‌ಎ ಅಕ್ಷರಗಳ ಬರಹ. ಬ್ಯಾಕ್ಟೀರಿಯಾ ಇಬ್ಭಾಗವಾಗುವಾಗಲೆಲ್ಲ ಈ ಬರಹ ನಕಲಾಗುತ್ತದೆ. ಅಪರೂಪಕ್ಕೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪೀಳಿಗೆಗಳಿಗೂ ಸಾಗುತ್ತದೆ. ಎರಡು ಮಾದರಿಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದಷ್ಟೂ ಅವುಗಳ ನಂಟು ಹತ್ತಿರದ್ದು.

ಜಾಡು ಕೂಡಿಬಂದಿತು
ಆರ್ಟಿಬೊನೈಟ್‌ನ ಉಪನದಿಯೊಂದರ ದಡದಲ್ಲಿ ವಿಶ್ವಸಂಸ್ಥೆಯ ನೇಪಾಳಿ ಶಾಂತಿಪಾಲಕರ ಶಿಬಿರವಿತ್ತು. ಅಲ್ಲಿನ ಮಲಿನ ನೀರು ಹೊಳೆ ಸೇರಿತೆಂಬ ಶಂಕೆ ಮೊದಲೇ ಎದ್ದಿತ್ತು. 2011ರಲ್ಲಿ ವಿಜ್ಞಾನಿಗಳು ನೇಪಾಳದ 24 ಮಾದರಿಗಳ ಜೀನೋಮ್‌ಗಳನ್ನು ಓದಿ ಹೈಟಿಯವುಗಳ ಜೊತೆ ಹೋಲಿಸಿದರು. ಕೆಲವು ಮಾದರಿಗಳಲ್ಲಿ ಕಂಡ ವ್ಯತ್ಯಾಸ ಒಂದೆರಡು ಅಕ್ಷರ ಮಾತ್ರ! ಶಂಕೆಗೆ ಬಲವಾದ ಸಾಕ್ಷ್ಯ ಸಿಕ್ಕಿತು.

ಸಾವು, ಕ್ಷಮೆ, ಪಾಠ
ಈ ಸೋಂಕು 8 ಲಕ್ಷಕ್ಕೂ ಹೆಚ್ಚು ಜನರಿಗೆ ತಗುಲಿತು. ಸುಮಾರು 10,000 ಜೀವಗಳು ಹೋದವು. 2016ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಅಳಿದವರು ಮರಳಿ ಬರುವುದಿಲ್ಲ. ಆದರೆ ರೋಗ ಸಾಗಿದ ಹಾದಿ ತಿಳಿದರೆ ಮುಂದಿನ ಊರಿನ ನೀರನ್ನು ಕಾಯಬಹುದು.