ಅರ್ಪಣೆಯಲ್ಲಿ ಇಲ್ಲದ ಹೆಸರು

1803ರ ಮೇ 24ರ ಬೆಳಿಗ್ಗೆ ವಿಯೆನ್ನಾದ ಔಗಾರ್ಟನ್‌ ಉದ್ಯಾನದಲ್ಲಿ ಇಬ್ಬರು ಯುವಕರ ಸಂಗೀತ ಕಚೇರಿ ನಡೆಯಿತು. ಪಿಯಾನೋದ ಮುಂದೆ 32 ವರ್ಷದ ಬೀಥೋವನ್. ಪಿಟೀಲು ಹಿಡಿದವನು ಅವನಿಗಿಂತ ಕಿರಿಯನಾದ ಜಾರ್ಜ್ ಬ್ರಿಜ್‌ಟವರ್. ಪೋಲೆಂಡಿನಲ್ಲಿ ಹುಟ್ಟಿದ ಅವನ ತಂದೆ ಆಫ್ರಿಕನ್ ಮೂಲದವನು, ತಾಯಿ ಯುರೋಪಿನವಳು. ಹತ್ತರ ವಯಸ್ಸಿನಲ್ಲೇ, 1789ರಲ್ಲಿ, ಆತ ಪ್ಯಾರಿಸ್ಸಿನಲ್ಲಿ ನುಡಿಸಿ ಮೆಚ್ಚುಗೆ ಗಳಿಸಿದ್ದ.

ಅಂದಿನ ಸೊನಾಟಾವನ್ನು ಬೀಥೋವನ್ ಈ ಕಚೇರಿಗಾಗಿಯೇ ತರಾತುರಿಯಲ್ಲಿ ಮುಗಿಸಿದ್ದ. ಎರಡನೆಯ ಭಾಗದ ನಕಲು ತೆಗೆಯಲೂ ಸಮಯವಿರಲಿಲ್ಲ. ಬ್ರಿಜ್‌ಟವರ್ ಬೀಥೋವನ್‌ನ ಹಸ್ತಪ್ರತಿಯನ್ನೇ ನೋಡಿ ನುಡಿಸಿದ. ಮೊದಲ ಭಾಗದಲ್ಲಿ ಪಿಯಾನೋದ ಒಂದು ಸ್ವರಗುಚ್ಛವನ್ನು ತಾನಾಗಿಯೇ ಪಿಟೀಲಿಗೆ ತಂದಾಗ ಬೀಥೋವನ್ ಎದ್ದು ಬಂದು ಅಪ್ಪಿಕೊಂಡನೆಂದು ಆತ ನೆನೆದಿದ್ದಾನೆ. ಹಸ್ತಪ್ರತಿಯ ಅರ್ಪಣೆಯಲ್ಲೂ ಅವನ ಹೆಸರಿತ್ತು, ಮೈಬಣ್ಣದ ತಮಾಷೆಯೊಂದಿಗೆ.

ಸ್ನೇಹ ಬಹಳ ದಿನ ಬಾಳಲಿಲ್ಲ. ಒಬ್ಬ ಹೆಣ್ಣಿನ ವಿಷಯವಾಗಿ ಜಗಳವಾಯಿತೆಂದು ಬ್ರಿಜ್‌ಟವರ್ ಮುಪ್ಪಿನಲ್ಲಿ ಹೇಳಿದ್ದ. 1805ರಲ್ಲಿ ಕೃತಿ ಅಚ್ಚಾದಾಗ ಅರ್ಪಣೆ ಪ್ಯಾರಿಸ್ಸಿನ ಪಿಟೀಲು ವಾದಕ ರೊಡಾಲ್ಫ್ ಕ್ರೂಟ್ಜರ್‌ನ ಪಾಲಾಗಿತ್ತು. ಕ್ರೂಟ್ಜರ್ ಅದನ್ನು ಸಭೆಯಲ್ಲಿ ಎಂದೂ ನುಡಿಸಲಿಲ್ಲ ಎನ್ನುತ್ತಾರೆ. ಆದರೂ 'ಕ್ರೂಟ್ಜರ್ ಸೊನಾಟಾ' ಎಂಬ ಹೆಸರೇ ನಿಂತಿತು. ಟಾಲ್‌ಸ್ಟಾಯ್ ತನ್ನ ನೀಳ್ಗತೆಗೂ ಅದೇ ಹೆಸರಿಟ್ಟ. ಬ್ರಿಜ್‌ಟವರ್ 1860ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಅರ್ಪಣೆ ಕೈತಪ್ಪಿದ್ದು ಮೈಬಣ್ಣದಿಂದ ಎನ್ನಲು ಆಧಾರವಿಲ್ಲ. ಆದರೆ ಕೃತಿಯ ಮುಖಪುಟದಿಂದ ಜಾರಿದವನು ಅದರ ಕಥೆಯಿಂದಲೂ ಜಾರಬೇಕಿರಲಿಲ್ಲ. ಇಂದು ಅದನ್ನು ಕೇಳುವವರಿಗೆ, ಅಂದು ಪಿಟೀಲು ನುಡಿಸಿದವನು ಯಾರೆಂದು ಹೇಳಿಕೊಡುವ ಹೊಣೆ ಸಂಗೀತದ ಚರಿತ್ರೆ ಬರೆಯುವವರ ಮೇಲಿದೆ.